ಮಕ್ಕಳ ರಕ್ತದೊತ್ತಡದಲ್ಲಿ ವಂಶದ ಪಾಲೆಷ್ಟು?

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಾವು ಡಾಕ್ಟರರಲ್ಲ. ಊರಿನಲ್ಲಿ ಏಳನೆಯ ತರಗತಿ ಮುಗಿಸಿ ಮುಂಬಯಿಗೆ ಬಂದು, ಕಪ್ಪು ಬಸಿ ತೊಳೆದು, ಮಾಣಿಯಾಗಿ, ಆಮೇಲೆ ಭಟ್ಟಿಯ ಮುಂದೆ ನಿಂತು, ಈಗ ಸಂಘದ ಕೆಲಸ ಮಾಡುತ್ತಿರುವವರು. ಇಂಥ ವಿಷಯದಲ್ಲಿ ನಾವು ಬಾಯಿ ತೆರೆಯುವುದು ಅಧಿಕಪ್ರಸಂಗವೆಂದು ಯಾರಿಗಾದರೂ ತೋರಿದರೆ ಅವರದು ತಪ್ಪಲ್ಲ. ಆದರೂ ಮಾತನಾಡಬೇಕಾಗಿ ಬಂತು. ಕಾರಣವನ್ನು ಮೊದಲೇ ಹೇಳಿಬಿಡುತ್ತೇವೆ.

ಹೋದ ಮಳೆಗಾಲದಲ್ಲಿ ನಮ್ಮ ಸದಸ್ಯರೊಬ್ಬರು, ಇಪ್ಪತ್ತೆರಡು ವರ್ಷ ಒಂದೇ ಹೋಟೆಲಿನಲ್ಲಿ ದೋಸೆ ಹುಯ್ದವರು, ಬೆಳಗಿನ ಪಾಳಿಯಲ್ಲಿ ಕಾವಲಿಯ ಮುಂದೆಯೇ ಕುಸಿದುಬಿದ್ದರು. ಬಲಗೈ, ಬಲಗಾಲು ಎರಡೂ ಸ್ವಾಧೀನ ತಪ್ಪಿದವು. ಆಸ್ಪತ್ರೆಯಲ್ಲಿ ನೋಡಿದಾಗ ರಕ್ತದೊತ್ತಡ 200ರ ಮೇಲಿತ್ತು. ಅವರ ಸಂಸಾರಕ್ಕೆ ಏನಾದರೂ ಸಹಾಯವಾಗಲೆಂದು ನಾವು ನಾಲ್ಕು ಜನ ಧನಿಗಳ ಬಳಿಗೆ ಹೋದೆವು. ಅವರು ಗಲ್ಲಾದ ಮೇಲಿನಿಂದ ಕಣ್ಣೆತ್ತದೆ ಹೇಳಿದರು: “ಅವನ ಅಪ್ಪನಿಗೂ ಇದೇ ಆಗಿತ್ತು. ಅದು ಅವರ ವಂಶದ ಕಾಯಿಲೆ. ಅದಕ್ಕೆ ಹೋಟೆಲು ಏನು ಮಾಡೀತು?”

ನಮಗೆ ಸಿಟ್ಟು ಬಂತು, ಉತ್ತರ ಬರಲಿಲ್ಲ. ಅಪ್ಪನಿಗೆ ಆಗಿದ್ದು ನಿಜವಾಗಿತ್ತು.

ಮೆಟ್ಟಿಲಿಳಿದು ಬರುವಾಗ ಆ ಸದಸ್ಯರ ಹೆಂಡತಿ ಕೇಳಿದ ಪ್ರಶ್ನೆ ಧನಿಗಳ ಮಾತಿಗಿಂತಲೂ ನಮ್ಮನ್ನು ಚುಚ್ಚಿತು. “ಹಾಗಾದರೆ ನನ್ನ ಮಗನಿಗೂ ಇದು ಬರೆದಿಟ್ಟದ್ದೇ?” ಹುಡುಗನಿಗೆ ಹದಿನಾಲ್ಕು ವರ್ಷ. ಒಂಬತ್ತನೆಯ ತರಗತಿ. ಆ ಹೊತ್ತಿಗೆ “ಹಾಗೇನೂ ಇಲ್ಲಮ್ಮ” ಎಂದು ಸಮಾಧಾನ ಹೇಳಿ ಬಂದೆವು. ತಿಳಿಯದೆ ಹೇಳಿದ ಸಮಾಧಾನವದು. ಆಮೇಲೆ ಸಾರ್ವಜನಿಕ ಆಸ್ಪತ್ರೆಯ ಇಬ್ಬರು ವೈದ್ಯರನ್ನು ಕಾಡಿ, ಅವರು ಕೊಟ್ಟ ಪುಸ್ತಕಗಳನ್ನು ರಾತ್ರಿ ಕುಳಿತು ಓದಿ, ಅರ್ಥವಾಗದ ಕಡೆ ಮತ್ತೆ ಹೋಗಿ ಕೇಳಿ ತಿಳಿದುಕೊಂಡದ್ದನ್ನು ಇಂದು ನಿಮ್ಮ ಮುಂದಿಡುತ್ತೇವೆ.

ರಕ್ತದೊತ್ತಡವೆಂದರೇನೆಂದು ಹೋಟೆಲಿನವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ನೀರಿನ ಪಂಪು, ಕೊಳವೆ ಎಲ್ಲರೂ ಕಂಡವರು. ಹೃದಯ ಪಂಪು, ರಕ್ತನಾಳ ಕೊಳವೆ. ಕೊಳವೆಯೊಳಗೆ ನೀರು ಹೆಚ್ಚಾದರೂ ಒತ್ತಡ ಏರುತ್ತದೆ, ಕೊಳವೆ ಬಿಗಿದರೂ ಏರುತ್ತದೆ. ಒಳಗೆ ನೀರು ಎಷ್ಟಿರಬೇಕೆಂಬ ಲೆಕ್ಕ ಇಡುವುದು ಮೂತ್ರಪಿಂಡ, ನಮ್ಮ ಮಾತಿನಲ್ಲಿ ಕಿಡ್ನಿ. ಉಪ್ಪು ಎಲ್ಲಿ ನಿಲ್ಲುತ್ತದೋ ನೀರೂ ಅಲ್ಲೇ ನಿಲ್ಲುತ್ತದೆ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ.

ಈಗ ವಂಶದ ವಿಷಯ. ಸುಮಾರು ಎಪ್ಪತ್ತು ವರ್ಷಗಳ ಹಿಂದೆ, 1950ರ ದಶಕದಲ್ಲಿ, ಇಂಗ್ಲೆಂಡಿನ ಇಬ್ಬರು ದೊಡ್ಡ ವೈದ್ಯರು ಇದೇ ಪ್ರಶ್ನೆಗಾಗಿ ವರ್ಷಗಟ್ಟಲೆ ಜಗಳವಾಡಿದರು. ಮ್ಯಾಂಚೆಸ್ಟರಿನ ರಾಬರ್ಟ್ ಪ್ಲಾಟ್ ಎಂಬವರು, ಇದು ಒಂದೇ ಒಂದು ವಂಶವಾಹಿಯಿಂದ ಬರುವ ರೋಗ, ಅದು ಇದ್ದವನಿಗೆ ಉಂಟು, ಇಲ್ಲದವನಿಗೆ ಇಲ್ಲ ಎಂದರು. ಜಾರ್ಜ್ ಪಿಕರಿಂಗ್ ಎಂಬವರು ಹಾಗಲ್ಲ, ರಕ್ತದೊತ್ತಡವು ಮೈಯೆತ್ತರದ ಹಾಗೆ ಎಂದು ವಾದಿಸಿದರು. ಎತ್ತರದವರು, ಗಿಡ್ಡರು ಎಂದು ಲೋಕದಲ್ಲಿ ಎರಡೇ ಜಾತಿಯಿಲ್ಲ. ಐದಡಿಯಿಂದ ಆರಡಿಯವರೆಗೆ ನಡುವೆ ಎಲ್ಲ ಅಳತೆಯವರೂ ಇದ್ದಾರೆ. ರಕ್ತದೊತ್ತಡವೂ ಅಷ್ಟೆ, ಹಲವಾರು ವಂಶವಾಹಿಗಳು ಚೂರುಚೂರು ಕೂಡಿಸಿ ಆಗುವ ಮೊತ್ತ.

ಗೆದ್ದವರು ಪಿಕರಿಂಗರು. 2018ರಲ್ಲಿ 10 ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ ಒಂದು ವರದಿ ಬಂತು. ಅವರೆಲ್ಲ ಯುರೋಪಿನ ಮೂಲದವರು. ರಕ್ತದೊತ್ತಡದ ಜೊತೆ ಸಂಬಂಧವುಳ್ಳ 500ಕ್ಕೂ ಹೆಚ್ಚು ಹೊಸ ಸ್ಥಾನಗಳನ್ನು ಆ ಒಂದೇ ವರದಿ ತೋರಿಸಿತು. ಹಳೆಯವು ಬೇರೆ ಇದ್ದವು. ಸಾಮಾನ್ಯವಾಗಿ ಇವುಗಳಲ್ಲಿ ಒಂದೊಂದರಿಂದ ಆಗುವ ವ್ಯತ್ಯಾಸ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಆದುದರಿಂದ “ಬಿ.ಪಿ.ಯ ವಂಶ” ಎಂಬ ಒಂದು ಮುದ್ರೆ ಯಾರ ಹಣೆಯ ಮೇಲೂ ಇಲ್ಲ. ನಮ್ಮೆಲ್ಲರ ಜೇಬಿನಲ್ಲೂ ಅದರ ಚಿಲ್ಲರೆ ಇದೆ, ಕೆಲವರಿಗೆ ಹೆಚ್ಚು, ಕೆಲವರಿಗೆ ಕಡಿಮೆ. ಹೆಣ್ಣು ನೋಡಲು ಬಂದವರ ಮುಂದೆ ತಂದೆಯ ಬಿ.ಪಿ. ಗುಳಿಗೆಯನ್ನು ಡಬ್ಬಿಯ ಹಿಂದೆ ಅಡಗಿಸಿಡುವ ಮನೆಗಳನ್ನು ನಾವು ಕಂಡಿದ್ದೇವೆ. ಬಂದವರ ಮನೆಯಲ್ಲೂ ಅಂಥದೊಂದು ಡಬ್ಬಿ ಇರುತ್ತದೆಂದು ಅವರಿಗೆ ಯಾರು ಹೇಳಬೇಕು!

ಆದರೆ ಮನೆಮಂದಿಯ ಒತ್ತಡ ಒಂದೇ ತರಹ ಇದ್ದ ಮಾತ್ರಕ್ಕೆ ಅದು ರಕ್ತದಿಂದಲೇ ಬಂತೆಂದು ಹೇಳುವುದು ಹೇಗೆ? ಒಂದೇ ಖೋಲಿ, ಒಂದೇ ಪಾತ್ರೆ, ಒಂದೇ ಉಪ್ಪಿನಕಾಯಿ ಭರಣಿ. ಇದನ್ನು ಬಿಡಿಸಲು ಕೆನಡಾ ದೇಶದ ಮಾಂಟ್ರಿಯಲ್ ನಗರದ ವೈದ್ಯರು ಒಂದು ಉಪಾಯ ಮಾಡಿದರು. ದತ್ತುಮಕ್ಕಳಿರುವ ಸಂಸಾರಗಳನ್ನು ಹುಡುಕಿದರು. 1976ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ 558 ದತ್ತುಮಕ್ಕಳಿದ್ದರು. ಹೊಟ್ಟೆಯಲ್ಲಿ ಹುಟ್ಟಿದ ಮಗು, ದತ್ತು ಬಂದ ಮಗು, ಇಬ್ಬರಿಗೂ ಅದೇ ಊಟ, ಅದೇ ಮನೆ. ಯಾರ ರಕ್ತದೊತ್ತಡ ಯಾರದನ್ನು ಹೋಲುತ್ತದೆ ಎಂದು ನೋಡಿದರು. ಹೊಟ್ಟೆಯ ಮಕ್ಕಳದು ತಂದೆತಾಯಿಗಳ ಒತ್ತಡವನ್ನು ಸ್ಪಷ್ಟವಾಗಿ ಹೋಲಿತು. ದತ್ತುಮಕ್ಕಳಲ್ಲಿ ಆ ಹೋಲಿಕೆ ಬಹಳ ಕಡಿಮೆ.

ಅಂದರೆ ಧನಿಗಳು ಹೇಳಿದ್ದು ಸುಳ್ಳಲ್ಲ. ವಂಶದ ಪಾಲು ಉಂಟು. ಸಂಸಾರಗಳನ್ನೂ ಅವಳಿ ಮಕ್ಕಳನ್ನೂ ಅಳೆದು ನೋಡಿದವರು ಸಾಮಾನ್ಯವಾಗಿ ಹೇಳುವುದು, ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ನೂರಕ್ಕೆ 30ರಿಂದ 50 ಪಾಲು ವಂಶದ್ದು ಎಂದು. ಇಲ್ಲಿ ಒಂದು ಎಚ್ಚರಿಕೆ. ನಿಮ್ಮ ಮಗನ ರಕ್ತದೊತ್ತಡ 120 ಇದ್ದರೆ ಅದರಲ್ಲಿ 60 ಅಪ್ಪನದು, 60 ಊಟದ್ದು ಎಂದು ಅರ್ಥವಲ್ಲ. ನಾವೂ ಮೊದಲು ಹಾಗೆಯೇ ತಿಳಿದು ವೈದ್ಯರಿಂದ ನಗಿಸಿಕೊಂಡೆವು. ಸಾಂಬಾರಿನ ರುಚಿಯಲ್ಲಿ ಬೇಳೆಯದೆಷ್ಟು, ಬೆಂಕಿಯದೆಷ್ಟು ಎಂದು ಬೇರೆ ಬೇರೆ ಬಡಿಸಲಾದೀತೇ?

ಹಾಗಾದರೆ ವಂಶದಿಂದ ಬರುವುದಾದರೂ ಏನು? ಇದಕ್ಕೆ ಉತ್ತರ ಸಿಕ್ಕಿದ್ದು ಅಪರೂಪದ ಕೆಲವು ಸಂಸಾರಗಳಿಂದ. 1963ರಲ್ಲಿ ಅಮೆರಿಕದ ಗ್ರಾಂಟ್ ಲಿಡಲ್ ಎಂಬ ವೈದ್ಯರು ಒಂದು ಕುಟುಂಬದ ವಿಷಯ ಬರೆದರು. ಅದರಲ್ಲಿ ಹದಿಹರೆಯದ ಮಕ್ಕಳಿಗೇ ವಿಪರೀತ ರಕ್ತದೊತ್ತಡ. ಪ್ಲಾಟ್ ಹೇಳಿದ ಹಾಗೆ ಒಂದೇ ವಂಶವಾಹಿಯಿಂದ ಬರುವ ರೋಗ ಇದು. ಆದರೆ ತೀರ ವಿರಳ. ಮುಂದೆ ಆ ಕುಟುಂಬದ ಹೆಣ್ಣುಮಗಳೊಬ್ಬಳ ಮೂತ್ರಪಿಂಡ ಕೆಟ್ಟು, ಬೇರೆಯವರದನ್ನು ಜೋಡಿಸಬೇಕಾಯಿತು. ಜೋಡಿಸಿದ ಮೇಲೆ ಅವಳ ಆ ಹಳೆಯ ರೋಗವೇ ಹೋಯಿತು! 1994ರಲ್ಲಿ ಕಾರಣವೂ ಗೊತ್ತಾಯಿತು. ಮೂತ್ರಪಿಂಡದಲ್ಲಿ ಉಪ್ಪನ್ನು ದೇಹಕ್ಕೆ ಹಿಂದಕ್ಕೆ ಬಿಡುವ ಒಂದು ಸಣ್ಣ ಬಾಗಿಲಿದೆ. ಅವರ ವಂಶದಲ್ಲಿ ಅದು ಮುಚ್ಚುವುದಿಲ್ಲ. ಇದೇ ತರಹದ ಇನ್ನಷ್ಟು ವಿರಳ ವಂಶರೋಗಗಳನ್ನು ಬಿಡಿಸಿ ನೋಡಿದಾಗಲೂ ಹೆಚ್ಚಿನವು ಬಂದು ನಿಂತದ್ದು ಅಲ್ಲಿಗೇ, ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳುವ ರೀತಿಗೆ.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತೇವೆ. ಈ ರೋಗದಲ್ಲಿ ಎರಡೂ ಒಟ್ಟಿಗೆ ಬಂದು ಕುಳಿತಿವೆ. ಒಂದು ಕೈಯಲ್ಲಿ ತಾಯಿತಂದೆಯಿಂದ ಬಂದ ಗುಣ, ಇನ್ನೊಂದು ಕೈಯಲ್ಲಿ ಉಪ್ಪು.

ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದವರು ನ್ಯೂಯಾರ್ಕ್ ಬಳಿಯ ಬ್ರೂಕ್‌ಹೇವನ್ ಪ್ರಯೋಗಶಾಲೆಯ ಲೂಯಿಸ್ ಡಾಲ್. ಇವರ ಇಲಿಗಳ ಕಥೆ ಕೇಳಿದ ಮೇಲೆ ನಮಗೆ ಧನಿಗಳಿಗೆ ಕೊಡಬೇಕಾಗಿದ್ದ ಉತ್ತರ ಸಿಕ್ಕಿತು. ಅವರು ಸಾಧಾರಣ ಇಲಿಗಳಿಗೆ ಉಪ್ಪು ತುಂಬಿದ ಆಹಾರ ತಿನ್ನಿಸಿದರು. ಕೆಲವಕ್ಕೆ ರಕ್ತದೊತ್ತಡ ಏರಿತು, ಕೆಲವಕ್ಕೆ ಏನೂ ಆಗಲಿಲ್ಲ. ಏರಿದವನ್ನು ಏರಿದವುಗಳ ಜೊತೆ, ಏರದವನ್ನು ಏರದವುಗಳ ಜೊತೆ ಕೂಡಿಸಿ ಮರಿ ಹಾಕಿಸುತ್ತಾ ಹೋದರು. ಕೆಲವೇ ತಲೆಮಾರುಗಳಲ್ಲಿ ಎರಡು ವಂಶಗಳು ಬೇರೆಯಾದವು. 1962ರಲ್ಲಿ ಇದನ್ನು ಪ್ರಕಟಿಸಿದರು. ನೂರಕ್ಕೆ ಎಂಟು ಪಾಲು ಉಪ್ಪು ಬೆರೆಸಿದ ಆಹಾರ ಕೊಟ್ಟರೆ ಒಂದು ವಂಶದ ಇಲಿಗಳು ಒತ್ತಡ ಏರಿ ಅಕಾಲದಲ್ಲಿ ಸಾಯುತ್ತವೆ. ಇನ್ನೊಂದು ವಂಶದವು ಅದೇ ಆಹಾರ ತಿಂದು ಆರಾಮವಾಗಿ ಓಡಾಡುತ್ತವೆ. ಇಷ್ಟೇ ಹೇಳಿ ನಿಲ್ಲಿಸಿದರೆ ಧನಿಗಳ ಪಕ್ಷವೇ ಗೆದ್ದಂತೆ ಕಾಣುತ್ತದೆ. ಆದರೆ ಆ ಕೆಟ್ಟ ವಂಶದ ಇಲಿಗಳಿಗೇ ಉಪ್ಪು ಕಡಿಮೆ ಇರುವ ಆಹಾರ ಕೊಟ್ಟಾಗ ಏನಾಯಿತು? ಆ ವಿಪರೀತ ಒತ್ತಡ ಬರಲಿಲ್ಲ. ವಂಶ ಅದೇ, ರಕ್ತ ಅದೇ, ತಟ್ಟೆ ಮಾತ್ರ ಬೇರೆ.

ಮೂತ್ರಪಿಂಡಗಳನ್ನೂ ಅವರು ಅದಲುಬದಲು ಮಾಡಿ ನೋಡಿದರು. 1974ರಲ್ಲಿ ಬಂದ ಆ ಫಲಿತಾಂಶದಂತೆ, ಒತ್ತಡದ ವಂಶದ ಇಲಿಗೆ ಒಳ್ಳೆಯ ವಂಶದ ಮೂತ್ರಪಿಂಡ ಜೋಡಿಸಿದರೆ ಒತ್ತಡ ಇಳಿಯಿತು, ತಿರುಗಿಸಿ ಜೋಡಿಸಿದರೆ ಏರಿತು. ಇನ್ನೊಂದು ಪ್ರಯೋಗ ನಮ್ಮ ಇಂದಿನ ವಿಷಯಕ್ಕೆ ಇನ್ನೂ ಹತ್ತಿರದ್ದು. ಅಂಗಡಿಯಲ್ಲಿ ಡಬ್ಬಿಯಲ್ಲಿ ಮಾರುವ ಶಿಶುಗಳ ಆಹಾರವನ್ನೇ ತಂದು ಆ ವಂಶದ ಇಲಿಗಳಿಗೆ ತಿನ್ನಿಸಿದರು. ಒತ್ತಡ ಏರಿ ಇಲಿಗಳು ಸತ್ತವು. ತಾಯಂದಿರ ನಾಲಿಗೆಗೆ ರುಚಿಯಾಗಲೆಂದು ಕಂಪೆನಿಗಳು ಕೂಸಿನ ಆಹಾರಕ್ಕೆ ಉಪ್ಪು ಹಾಕುತ್ತಿದ್ದವಂತೆ! ಗದ್ದಲವೆದ್ದ ಮೇಲೆ 1970ರ ದಶಕದಲ್ಲಿ ಅಮೆರಿಕದ ಕಂಪೆನಿಗಳು ಉಪ್ಪು ಸೇರಿಸುವುದನ್ನು ಬಿಟ್ಟವು.

ಈಗ ನಮ್ಮ ಧನಿಗಳ ಮಾತಿಗೆ ಬರೋಣ. ಆ ಸದಸ್ಯರಿಗೆ ವಂಶದ ಗುಣವಿತ್ತು, ಒಪ್ಪಿದೆವು. ಇಪ್ಪತ್ತೆರಡು ವರ್ಷ ಅವರು ಉಂಡದ್ದು ಯಾರ ತಟ್ಟೆಯಿಂದ? ಕೆಲಸಗಾರರ ಊಟವೆಂದರೆ ಮಧ್ಯಾಹ್ನ ಮೂರು ಗಂಟೆಗೆ ಕುದಿಕುದಿದು ತಳಕ್ಕಿಳಿದ ಸಾಂಬಾರು. ಅನ್ನಕ್ಕೆ ಬೇರೆ ಪಲ್ಯವಿಲ್ಲದಾಗ ಉಪ್ಪಿನಕಾಯಿ, ಹಪ್ಪಳ. ಬೆಳಗ್ಗೆ ನಾಲ್ಕಕ್ಕೆ ಎದ್ದು ರಾತ್ರಿ ಹನ್ನೊಂದಕ್ಕೆ ಮಲಗುವ ನಿದ್ದೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವಾದರೂ ಅವರ ತೋಳಿಗೆ ಪಟ್ಟಿ ಕಟ್ಟಿ ನೋಡಿದವರಿಲ್ಲ. ವಂಶದ ಹೆಸರು ಹೇಳಿ ಕೈ ತೊಳೆದುಕೊಳ್ಳುವವರು ಆ ವಂಶದವನಿಗೇ ಹೆಚ್ಚು ಜಾಗ್ರತೆ ಬೇಕಿತ್ತೆಂಬ ಅರ್ಧ ಮಾತನ್ನು ನುಂಗಿಬಿಡುತ್ತಾರೆ. ಹಾಗೆಂದು ಪೂರ್ತಿ ತಪ್ಪನ್ನು ಹೋಟೆಲಿನ ಮೇಲೆ ಹೊರಿಸಿ ನಾವು ಜಾಣರಾಗುವುದೂ ಸರಿಯಲ್ಲ. ಊರಿನಿಂದ ಒಣಮೀನು, ಉಪ್ಪಿನಲ್ಲಿಟ್ಟ ಹಲಸಿನ ತೊಳೆ ತರಿಸಿಕೊಂಡು ಗಂಜಿಯ ಜೊತೆ ಚಪ್ಪರಿಸುವವರು ನಾವೇ ತಾನೆ? ಸಂಘದ ಸಭೆ ಮುಗಿದ ಮೇಲೆ ಫರ್ಸಾಣದ ಪೊಟ್ಟಣ ಹಂಚುವವರೂ ನಾವೇ.

ಮಕ್ಕಳ ವಿಷಯದಲ್ಲಿ ಅಮೆರಿಕದ ಬೊಗಲೂಸ ಎಂಬ ಸಣ್ಣ ಊರನ್ನು ನೆನೆಯಬೇಕು. ಮರದ ಮಿಲ್ಲು, ಕಾಗದದ ಮಿಲ್ಲುಗಳ ಊರದು. 1919ರಲ್ಲಿ ಅಲ್ಲಿ ಕಾರ್ಮಿಕ ಸಂಘದ ನಾಲ್ವರು ಗುಂಡಿಗೆ ಬಲಿಯಾಗಿದ್ದರು. ಕಪ್ಪು ಜನರ ಒಬ್ಬ ಮುಂದಾಳನ್ನು ಕಾಪಾಡಲು ನಿಂತಿದ್ದ ಬಿಳಿಯ ಕೆಲಸಗಾರರು ಅವರು. ವಿಷಯ ಬೇರೆಯಾದರೂ, 1982ರ ಮುಷ್ಕರವನ್ನು ಕಂಡ ಹಿರಿಯ ಮಿಲ್ ಕಾರ್ಮಿಕರು ಇಲ್ಲಿ ಕುಳಿತಿರುವಾಗ ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ಆ ಊರಿನಲ್ಲೇ ಹುಟ್ಟಿದ ಜೆರಾಲ್ಡ್ ಬೆರೆನ್ಸನ್ ಎಂಬ ವೈದ್ಯರು 1973ರಿಂದ ಶಾಲೆಯ ಮಕ್ಕಳ ರಕ್ತದೊತ್ತಡವನ್ನು ಅಳೆಯಲಾರಂಭಿಸಿದರು. ಕರಿಯರು ಬಿಳಿಯರೆನ್ನದೆ, ಅವೇ ಮಕ್ಕಳನ್ನು ದೊಡ್ಡವರಾಗುವವರೆಗೂ ಮತ್ತೆ ಮತ್ತೆ ಅಳೆದರು. ಎಳೆಯತನದಲ್ಲಿ ಓರಗೆಯವರಿಗಿಂತ ಮೇಲಿದ್ದ ಮಗು ದೊಡ್ಡದಾದ ಮೇಲೂ ಮೇಲೆಯೇ ಇರುವ ಸಂಭವ ಹೆಚ್ಚೆಂದು ಗೊತ್ತಾಯಿತು. ಅಪಘಾತದಲ್ಲಿ ತೀರಿಕೊಂಡ ಹುಡುಗರ ರಕ್ತನಾಳಗಳನ್ನು ನೋಡಿದಾಗ ಅಷ್ಟು ಚಿಕ್ಕವರಲ್ಲೂ ಕೊಬ್ಬಿನ ಗೆರೆಗಳು ಕಂಡವು. ನಲವತ್ತಕ್ಕೆ ಕುಸಿದುಬೀಳುವ ರೋಗ ನಲವತ್ತಕ್ಕೆ ಶುರುವಾದದ್ದಲ್ಲ.

ಮಕ್ಕಳಿಗೆ ಉಪ್ಪು ಕಡಿಮೆ ಮಾಡಿದರೆ ಪ್ರಯೋಜನವುಂಟೇ? ಹಾಲೆಂಡಿನಲ್ಲಿ 1980ರ ಸುಮಾರಿಗೆ ಹುಟ್ಟಿದ ಸುಮಾರು 470 ಕೂಸುಗಳನ್ನು ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ ಆರು ತಿಂಗಳು ಉಪ್ಪು ಕಡಿಮೆ ಇರುವ ಆಹಾರ ಕೊಟ್ಟರು. ಆರು ತಿಂಗಳಿಗೆ ಅವರ ಮೇಲಿನ ಒತ್ತಡ ಉಳಿದವರಿಗಿಂತ ಸುಮಾರು 2 ಮಿಲಿಮೀಟರ್ ಕಡಿಮೆಯಿತ್ತು. ಹದಿನೈದು ವರ್ಷ ಕಳೆದ ಮೇಲೆ ಅವರಲ್ಲಿ ಕೈಗೆ ಸಿಕ್ಕ ಮಕ್ಕಳನ್ನು ಮತ್ತೆ ಅಳೆದರೆ ಆಗಲೂ ಮೂರು ಮಿಲಿಮೀಟರಿಗಿಂತ ಹೆಚ್ಚಿನ ವ್ಯತ್ಯಾಸ! ಸಿಕ್ಕವರು ಮೂರರಲ್ಲೊಂದು ಪಾಲು ಮಾತ್ರ, ಆದುದರಿಂದ ಕಣ್ಣುಮುಚ್ಚಿ ನಂಬಬೇಕೆಂದು ನಾವು ಹೇಳುವುದಿಲ್ಲ. ಆದರೂ ಒಂದೊಂದು ವಂಶವಾಹಿ ಏರಿಸುವುದು ಒಂದು ಮಿಲಿಮೀಟರಿಗೂ ಕಡಿಮೆಯೆಂದು ಆಗಲೇ ಹೇಳಿದೆವಲ್ಲ, ಅದರ ಪಕ್ಕದಲ್ಲಿಟ್ಟು ನೋಡಿ.

ಗರ್ಭದಲ್ಲಿರುವಾಗಿನ ಮಾತೂ ಉಂಟು. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕವನ್ನು ಬರೆದಿಟ್ಟ ಪುಸ್ತಕಗಳಿದ್ದವು. 1990ರ ದಶಕದಲ್ಲಿ ಅವರನ್ನು ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚಾಗಿ ಕಂಡಿತು. ಬಸುರಿಯ ಹೊಟ್ಟೆ ಬರಿದಾಗಿದ್ದರೆ ಅದನ್ನೂ ನಾವು “ವಂಶ” ಎಂಬ ಚೀಲಕ್ಕೇ ತುಂಬಿಬಿಡುತ್ತೇವೆ.

ಇನ್ನು ನಮ್ಮ ಒಂದು ತಪ್ಪನ್ನು ಹೇಳಬೇಕು. ಎರಡು ವರ್ಷಗಳ ಹಿಂದೆ ಇದೇ ಸಭಾಗೃಹದಲ್ಲಿ ಸಂಘದಿಂದ ರಕ್ತದೊತ್ತಡ ನೋಡುವ ಶಿಬಿರ ಮಾಡಿದ್ದು ನಿಮಗೆ ನೆನಪಿರಬಹುದು. ದೊಡ್ಡವರ ಸಾಲಿನಲ್ಲಿ ಮಕ್ಕಳೂ ಬಂದು ಕೈ ನೀಡಿದರು. ಉತ್ಸಾಹದಿಂದ ಅವರದನ್ನೂ ನೋಡಿ “ಎಲ್ಲ ಸರಿ” ಎಂದು ಚೀಟಿ ಬರೆದುಕೊಟ್ಟೆವು. ಆಗ ನಮ್ಮಲ್ಲಿದ್ದದ್ದು ದೊಡ್ಡವರ ಪಟ್ಟಿ ಒಂದೇ. ಸಣ್ಣ ತೋಳಿಗೆ ದೊಡ್ಡ ಪಟ್ಟಿ ಕಟ್ಟಿದರೆ ಒತ್ತಡ ಇದ್ದುದಕ್ಕಿಂತ ಕಡಿಮೆ ತೋರಿಸುತ್ತದೆಂದು ನಮಗೆ ಗೊತ್ತಿರಲಿಲ್ಲ. ದೋಸೆ ಹುಯ್ಯುವವರ ಆ ಮಗನ ಚೀಟಿಯಲ್ಲಿ ನಮ್ಮದೇ ಕೈಬರಹದಲ್ಲಿ 118 ಎಂದಿದೆ. ತಂದೆ ಬಿದ್ದ ಮೇಲೆ ಹುಡುಗನನ್ನು ಆಸ್ಪತ್ರೆಗೆ ಕರೆದೊಯ್ದೆವು. ಸಪೂರ ಹುಡುಗ. ಸರಿಯಾದ ಅಳತೆಯ ಪಟ್ಟಿ ಕಟ್ಟಿ ನೋಡಿದರೆ 138, ಕೆಳಗಿನದು 86. ಎರಡು ವರ್ಷದಲ್ಲಿ ಏರಿತೋ, ಆಗಲೇ ಇತ್ತೋ, ಯಾರು ಹೇಳಬಲ್ಲರು? ಆ ಚೀಟಿಯನ್ನು ನಂಬಿ ತಾಯಿ ಎರಡು ವರ್ಷ ನಿಶ್ಚಿಂತೆಯಿಂದಿದ್ದಳು.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿ ಹೇಳಿದಂತೆ, ಹದಿಮೂರು ತುಂಬಿದವರಿಗೆ ಮೇಲಿನದು 130 ಅಥವಾ ಕೆಳಗಿನದು 80 ಮುಟ್ಟಿದರೆ ಅದು ಹೆಚ್ಚು. ಅದಕ್ಕಿಂತ ಚಿಕ್ಕವರಿಗೆ ಒಂದೇ ಅಂಕಿಯಿಲ್ಲ; ವಯಸ್ಸು, ಎತ್ತರ, ಹುಡುಗನೋ ಹುಡುಗಿಯೋ ಎಂಬುದನ್ನು ನೋಡಿ ಕೋಷ್ಟಕದಲ್ಲಿ ಹುಡುಕಬೇಕು. ಮೂರು ವರ್ಷವಾದ ಮೇಲೆ ಎಲ್ಲ ಮಕ್ಕಳದನ್ನೂ ವರ್ಷಕ್ಕೊಮ್ಮೆ ನೋಡಬೇಕೆಂದೂ ಅವರು ಹೇಳುತ್ತಾರೆ. ಒಂದು ದಿನ ಏರಿದ್ದು ಕಂಡರೆ ಅದು ರೋಗವಲ್ಲ. ಬೇರೆ ಬೇರೆ ಮೂರು ಸಲ ನೋಡಿಯೇ ತೀರ್ಮಾನ. ತೀರ ಚಿಕ್ಕ ಮಗುವಿನಲ್ಲಿ ಏರಿದ್ದರೆ ವಂಶವೆಂದು ಸುಮ್ಮನಿರದೆ ಮೂತ್ರಪಿಂಡವನ್ನು ಪರೀಕ್ಷಿಸಲೇಬೇಕು. ಆ ವಯಸ್ಸಿನಲ್ಲಿ ಅಂಥ ಬೇರೆ ಕಾರಣಗಳೇ ಹೆಚ್ಚು.

ನಮ್ಮ ಹುಡುಗನನ್ನು ಮೂರು ಸಲ ನೋಡಿಸಿದೆವು, ಮೂರು ಸಲವೂ ಹೆಚ್ಚೇ ಇತ್ತು. ಮೂತ್ರಪಿಂಡ ಸರಿಯಿದೆ. ವೈದ್ಯರು ಇನ್ನೂ ಗುಳಿಗೆ ಕೊಟ್ಟಿಲ್ಲ. ಉಪ್ಪು ಕಡಿಮೆ, ದಿನವೂ ಓಟ ಅಥವಾ ಆಟ, ರಾತ್ರಿ ಸಾಕಷ್ಟು ನಿದ್ದೆ, ಆರು ತಿಂಗಳು ನೋಡೋಣ ಎಂದಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೇ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ, ಒಂದು ಟೀ ಚಮಚದಷ್ಟು. ಮಕ್ಕಳಿಗೆ ಇನ್ನೂ ಕಡಿಮೆ. ಆ ತಾಯಿ ಈಗ ಸಾರಿಗೆ ಉಪ್ಪು ಅಳೆದು ಹಾಕುತ್ತಾಳೆ, ಉಪ್ಪಿನಕಾಯಿ ಭರಣಿಯನ್ನು ಅಟ್ಟಕ್ಕೆ ಏರಿಸಿದ್ದಾಳೆ. ಮೊದಲ ವಾರ ಹುಡುಗ ತಟ್ಟೆ ದೂಡಿ ಎದ್ದನಂತೆ. ಹೋದ ತಿಂಗಳು ನೋಡಿದಾಗ 132 ಇತ್ತು. ಇನ್ನೂ ಹೆಚ್ಚೇ. ಏನಾಗುತ್ತದೆಂದು ಕಾಯುತ್ತಿದ್ದೇವೆ.

ಸಂಘದ ವತಿಯಿಂದ ಈಗ ಮೂರು ಅಳತೆಯ ಪಟ್ಟಿಗಳನ್ನು ಕೊಂಡಿದ್ದೇವೆ. ಬರುವ ಭಾನುವಾರ ಬೆಳಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಇಲ್ಲಿಯೇ ಮಕ್ಕಳಿಗಾಗಿಯೇ ನೋಡುವ ವ್ಯವಸ್ಥೆಯಿದೆ. ಆಸ್ಪತ್ರೆಯ ದಾದಿಯೊಬ್ಬರು ಬರಲು ಒಪ್ಪಿದ್ದಾರೆ. ಈ ಸಲ ಪಟ್ಟಿ ಕಟ್ಟುವುದು ಅವರು, ನಾವಲ್ಲ. ತಂದೆಗಾಗಲಿ ತಾಯಿಗಾಗಲಿ ಅಜ್ಜನಿಗಾಗಲಿ ಬಿ.ಪಿ. ಇದ್ದವರು ಅದನ್ನು ಮುಚ್ಚಿಡದೆ ಚೀಟಿಯಲ್ಲಿ ಬರೆಸಿರಿ. ಮಕ್ಕಳಿಗೆ ಬರುವ ಮೊದಲು ಚಹಾ ಕುಡಿಸಬೇಡಿರಿ, ಮೆಟ್ಟಿಲನ್ನು ಓಡಿ ಹತ್ತಿಸಬೇಡಿರಿ, ಬಂದ ಮೇಲೆ ಐದು ನಿಮಿಷ ಬೆನ್ನು ಒರಗಿಸಿ, ಕಾಲು ನೆಲಕ್ಕೆ ಊರಿಸಿ ಸುಮ್ಮನೆ ಕೂರಿಸಿರಿ. ಎರಡು ವರ್ಷದ ಹಿಂದೆ ನಾವು ಬರೆದುಕೊಟ್ಟ ಚೀಟಿ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಅದನ್ನೂ ತನ್ನಿರಿ. ಅವುಗಳನ್ನು ವಾಪಸು ಪಡೆಯಬೇಕಾಗಿದೆ.